ಹೆಣ್ಣುಮಕ್ಕಳೂ ಅರಣ್ಯಯಾತ್ರೆಯೂ

ಉಣ್ಣುವ ಬುತ್ತಿಯನ್ನೂ ಹೊದೆಯುವ ಕಂಬಳಿಯನ್ನೂ ಬೆನ್ನಿನ ಮೇಲೆ ತಾವೇ ಹೊತ್ತು, ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಕಾಡುಮೇಡುಗಳಲ್ಲಿಯೂ ಕಾಲ್ನಡೆಯಾಗಿ ಸಂಚರಿಸುವ ಪದ್ಧತಿಯು ನಮ್ಮ ನಾಡಿನಲ್ಲಿಯೂ ಬಳಕೆಗೆ ಬಂದಿರುವುದನ್ನು ವಾಚಕರು ಬಲ್ಲರು. ಗಂಡುಮಕ್ಕಳು ಇದಕ್ಕೆ ಹೊರಟರೆ ತಾಯಂದಿರು ಸಂತೋಷದಿಂದ ಬುತ್ತಿ ಕಟ್ಟಿಕೊಡುತ್ತಾರೆ. ಹೆಣ್ಣುಮಕ್ಕಳು ಹೊರಟರೆ ಒಪ್ಪಿಗೆಯ ಪತ್ರವು ರುಜುವಿಲ್ಲದೆ ಶಾಲೆಗೆ ಮರಳುತ್ತದೆ. ‘ಏನಾದರೂ ಆದರೆ ಯಾರು ಹೊಣೆ?’ ಎಂದು ತಂದೆಯಾದವನು ಕೇಳುವುದು ನ್ಯಾಯವೇ ಸರಿ. ಆದರೂ ಮಗಳನ್ನು ಸಿದ್ಧಪಡಿಸಿ ಕಳುಹಿಸುವುದೇ ಆ ಪ್ರಶ್ನೆಗೆ ತಕ್ಕ ಉತ್ತರವೆಂಬುದು ನಮ್ಮ ದೃಢವಾದ ಅಭಿಪ್ರಾಯವಾಗಿದೆ.

ಅಮೇರಿಕ ದೇಶದ ಪೂರ್ವಭಾಗದಲ್ಲಿ ಅಪಲೇಚಿಯನ್ ಎಂಬ ಪರ್ವತಶ್ರೇಣಿಯುಂಟು. ಅದರ ಬೆನ್ನಿನ ಮೇಲೆ ಜಾರ್ಜಿಯಾ ಸಂಸ್ಥಾನದಿಂದ ಮೇಯ್ನ್ ಸಂಸ್ಥಾನದ ವರೆಗೆ, 14 ಸಂಸ್ಥಾನಗಳನ್ನು ಹಾದು, ಗ್ರೇಟ್ ಸ್ಮೋಕಿ ಮತ್ತು ಶೆನಂಡೋವ ಎಂಬ ಎರಡು ರಾಷ್ಟ್ರೀಯ ಉದ್ಯಾನಗಳನ್ನು ದಾಟಿ ಹೋಗುವ ಕಾಲುದಾರಿಯಿದೆ. ಉದ್ದವು 3,000 ಕಿಲೋಮೀಟರಿಗೂ ಮಿಗಿಲು. 1955ನೆಯ ಇಸವಿಯಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರುಷದ ಮುದುಕಿಯು ಈ ದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಆಕೆ 11 ಮಕ್ಕಳ ತಾಯಿ. ಒಕ್ಕಲು ಮನೆಯ ಕಷ್ಟಗಳಲ್ಲಿ ಬೆಂದವಳು. ಆಕೆಯ ಹೆಗಲಿನಲ್ಲಿದ್ದದ್ದು ಸ್ವಂತ ಕೈಯಿಂದ ಹೊಲಿದ ಚೀಲ. ಮಳೆಗೆ ಸ್ನಾನದ ಮನೆಯ ಪರದೆ. ಕಾಲಿಗೆ ಸಾಧಾರಣ ಕ್ಯಾನ್ವಾಸ್ ಪಾದರಕ್ಷೆ. ಮೇ ತಿಂಗಳಲ್ಲಿ ಹೊರಟವಳು ಸೆಪ್ಟೆಂಬರಿನಲ್ಲಿ ಕಟಾಡಿನ್ ಶಿಖರವನ್ನು ಮುಟ್ಟಿದಳು. ಒಂದೇ ಋತುವಿನಲ್ಲಿ ಏಕಾಂಗಿಯಾಗಿ ಆ ದಾರಿಯನ್ನು ಪೂರೈಸಿದ ಮೊದಲನೆಯ ಸ್ತ್ರೀ ಆಕೆಯೇ.

ಆದರೆ ಈ ಕಥೆಯಲ್ಲಿ ನಮ್ಮ ಹುಡುಗಿಯರು ಕಲಿಯತಕ್ಕ ಮುಖ್ಯ ಪಾಠವು 1954ನೆಯ ಇಸವಿಗೆ ಸೇರಿದುದಾಗಿದೆ. ಆ ವರುಷವೂ ಆಕೆ ಹೊರಟಿದ್ದಳು. ಮೇಯ್ನ್ ಕಾಡಿನಲ್ಲಿ ದಾರಿ ತಪ್ಪಿ, ಕನ್ನಡಕ ಮುರಿದು, ಕಾವಲುಗಾರರ ಮಾತಿಗೆ ಒಪ್ಪಿ ಮನೆಗೆ ಮರಳಿದಳು. ಅಂದು ಮರಳಿದ್ದರಿಂದಲೇ ಮರುವರುಷ ಪೂರೈಸುವುದು ಸಾಧ್ಯವಾಯಿತು.

ಎಲ್ಲರೂ ಸುಖವಾಗಿ ಮರಳುತ್ತಾರೆಂದು ಹೇಳಿ ನಾವು ಯಾರನ್ನೂ ಮರುಳು ಮಾಡುವುದಿಲ್ಲ. ಹಿಮಾಲಯದ ಹೂವಿನ ಕಣಿವೆಗೆ ಜೋನ್ ಮಾರ್ಗರೆಟ್ ಲೆಗ್ ಎಂಬ ಸಸ್ಯಶಾಸ್ತ್ರಜ್ಞೆಯು 1939ರಲ್ಲಿ ಹೂಗಳನ್ನು ಸಂಗ್ರಹಿಸಲು ಹೋಗಿ, ಬಂಡೆಯ ಇಳಿಜಾರಿನಲ್ಲಿ ಜಾರಿ ಬಿದ್ದು ತೀರಿಕೊಂಡಳು. ಆಕೆಯ ಸಮಾಧಿಯು ಇಂದಿಗೂ ಅಲ್ಲಿದೆ. 1982ರಲ್ಲಿ ಆ ಕಣಿವೆಯು ರಾಷ್ಟ್ರೀಯ ಉದ್ಯಾನವಾಯಿತು. ಬೆಟ್ಟಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲ. ಎಚ್ಚರ ತಪ್ಪಿದ ಕಾಲು ಯಾರದಾದರೂ ಜಾರುವುದು. ಆದಕಾರಣ ಅಪಾಯವಿರುವುದು ನಿಜವೆಂದು ಒಪ್ಪಿಕೊಂಡು, ಆ ಅಪಾಯವನ್ನು ಅಳೆಯುವ ಬುದ್ಧಿಯನ್ನು ಗಂಡುಮಕ್ಕಳಿಗೆ ಕಲಿಸುವಂತೆ ಹೆಣ್ಣುಮಕ್ಕಳಿಗೂ ಕಲಿಸತಕ್ಕದ್ದು.

ಇದಕ್ಕೆ ದೂರ ಹೋಗಬೇಕಾದುದಿಲ್ಲ. ನಮ್ಮ ಪಶ್ಚಿಮಘಟ್ಟದ ಕುದುರೆಮುಖವು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿಸಲ್ಪಟ್ಟು, 2012ರಲ್ಲಿ ಘಟ್ಟದ ಇತರ ಕಾಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಿಂಗಳೀಕಗಳು ವಾಸಿಸುವ ಶೋಲೆಗಾಡುಗಳೂ ಅಲೆಯಲೆಯಾದ ಹುಲ್ಲುಗಾವಲುಗಳೂ ಅಲ್ಲಿವೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವುದು ಆ ಬೆಟ್ಟಗಳಲ್ಲಿಯೇ. ಮಂಗಳೂರಿನವರ ಮನೆಯ ನಲ್ಲಿಗೆ ಬರುವುದು ನೇತ್ರಾವತಿಯ ನೀರು. ಆ ನೀರನ್ನು ಕುಡಿದು ಬೆಳೆದ ಹುಡುಗಿಯು ಅದರ ತವರನ್ನು ಭೂಪಟದಲ್ಲಿ ಮಾತ್ರ ನೋಡಿದರೆ ಸಾಕೇ? ಆ ಕಾಡಿನೊಳಗೆ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಯು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ 2005ರ ಕೊನೆಗೆ ನಿಂತಿತು. ಇಂಥ ವಿಷಯಗಳಲ್ಲಿ ನಾಳೆ ಮತ ಕೊಡತಕ್ಕವರು ಇವರೇ ಅಲ್ಲವೇ?

ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿಲೋಮೀಟರು ನಡೆಯಬೇಕು. ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಮೇಲೆ ರಾತ್ರಿ ತಂಗಕೂಡದು. ಬೆಳಕಿರುವಾಗಲೇ ಇಳಿದು ತಪ್ಪಲಿನ ಹಳ್ಳಿಯ ಮನೆಯಲ್ಲಿ ಮಲಗಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಾತ್ರೆಯೇ ನೆರೆದ ಮೇಲೆ, ದಿನಕ್ಕೆ ಇಷ್ಟೇ ಮಂದಿಯೆಂಬ ಮಿತಿಯನ್ನೂ ಸರಕಾರವು ವಿಧಿಸಿತು. ಕೆಲವರು ಈ ಕಟ್ಟಳೆಗಳನ್ನು ಕಿರಿಕಿರಿಯೆಂದು ಎಣಿಸುತ್ತಾರೆ. ಎಳೆಯರಿಗೆ ಇವೇ ಒಳ್ಳೆಯ ಉಪಾಧ್ಯಾಯರು. ಶಿಖರವು ಕಣ್ಣೆದುರಿಗೆ ಇದ್ದರೂ ಹೊತ್ತು ಮೀರಿತೆಂದು ಹಿಂದಿರುಗುವ ಹುಡುಗಿಯು ಬೇರೆ ಯಾವ ತರಗತಿಯಲ್ಲಿಯೂ ಕಲಿಯಲಾಗದ ಪಾಠವನ್ನು ಕಲಿತಿರುತ್ತಾಳೆ.

ಗಂಟು ಕಟ್ಟುವುದೂ ಒಂದು ವಿದ್ಯೆ. ಹೊರೆಯು ಹೊರುವವಳ ತೂಕದ ಐದರಲ್ಲಿ ಒಂದು ಪಾಲನ್ನು ಮೀರಬಾರದು. 45 ಕಿಲೋ ತೂಗುವವಳಿಗೆ 9 ಕಿಲೋ ಆದರೆ ಹೆಚ್ಚಾಯಿತು. ನೀರು, ಅವಲಕ್ಕಿ, ಕಡಲೆ, ಬೆಲ್ಲ, ಮಳೆಯಂಗಿ, ಟಾರ್ಚು, ಔಷಧದ ಪೊಟ್ಟಣ, ಜಿಗಣೆಗೆ ಉಪ್ಪು: ಇವು ಬೇಕು. ಕನ್ನಡಿ, ಮೂರನೆಯ ಸೀರೆ, ನೆರೆಯವರ ಅಭಿಪ್ರಾಯ: ಇವನ್ನು ಮನೆಯಲ್ಲಿ ಬಿಟ್ಟು ಬರತಕ್ಕದ್ದು. ತಿಂಗಳ ದಿನಗಳ ವಿಷಯವಾಗಿ ತಾಯಂದಿರು ಸಂಕೋಚಪಡುತ್ತಾರೆ. ಅದಕ್ಕೆ ಬೇಕಾದುದನ್ನು ಗಂಟಿನಲ್ಲಿ ಇಟ್ಟುಕೊಂಡು, ಬಳಸಿದ್ದನ್ನು ಕಾಡಿನಲ್ಲಿ ಎಸೆಯದೆ ಕಟ್ಟಿ ತರುವುದನ್ನು ಕಲಿಸಿದರೆ ಆಯಿತು. ಯಾತ್ರೆಯನ್ನೇ ನಿಲ್ಲಿಸಲು ಅದು ಕಾರಣವಲ್ಲ.

ಮಾತಾಪಿತೃಗಳೇ, ನಿಮ್ಮ ಮಗಳು ಇನ್ನು ಕೆಲವು ವರುಷಗಳಲ್ಲಿ ಪರ ಊರಿನ ಕಾಲೇಜಿಗೋ ಕೆಲಸಕ್ಕೋ ಗಂಡನ ಮನೆಗೋ ಹೋಗುವಳು. ಅಲ್ಲಿಯೂ ಏನನ್ನು ಹೊರಬೇಕು, ಏನನ್ನು ಇಳಿಸಬೇಕು, ಎಲ್ಲಿಂದ ಹಿಂದಿರುಗಬೇಕು ಎಂಬುದನ್ನು ಅವಳೇ ತೀರ್ಮಾನಿಸಬೇಕಾಗುವುದು. ಗುರುಗಳೂ ಗೆಳತಿಯರೂ ಜೊತೆಗಿರುವಾಗ ಒಂದು ಬೆಟ್ಟದ ದಾರಿಯಲ್ಲಿ ಅದನ್ನು ಅಭ್ಯಾಸಮಾಡುವುದು ಲೇಸಲ್ಲವೇ? ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಬೆಟ್ಟ ಹತ್ತಿ ಬಲ್ಲವರು ಅಕ್ಕಂದಿರಾಗಿ ನಮ್ಮ ಹುಡುಗಿಯರ ಸಂಗಡ ಬರಬೇಕೆಂದು ಬೇಡುತ್ತೇವೆ. ಮಳೆ ನಿಂತ ಮೇಲೆ ಮತ್ತೆ ಒಪ್ಪಿಗೆಯ ಪತ್ರಗಳನ್ನು ಮನೆಗಳಿಗೆ ಕಳುಹಿಸುವೆವು. ಈ ಸಲ ಅವು ರುಜುವಿನೊಡನೆ ಮರಳಲಿ.