ಆರು ತುಂಬುವ ಮೊದಲು

ಅಂಗನವಾಡಿಗೆ ಐವತ್ತು ತುಂಬಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರವನ್ನು. ಅಲ್ಲಿನ ನೂರು ಕೇಂದ್ರಗಳಿಂದ ಹೊರಟ ಲೆಕ್ಕ ಇವತ್ತು ರಾಜ್ಯದಲ್ಲಿ 65 ಸಾವಿರ ದಾಟಿದೆ. ಮೂರು ತುಂಬಿದ ಮಗುವನ್ನು ಫೀಸಿಲ್ಲದೆ ಕೂರಿಸಿಕೊಂಡು, ಹಾಡು ಕತೆ ಹೇಳಿ, ಬಿಸಿ ಊಟ ಬಡಿಸಿ, ತೂಕ ನೋಡಿ ಮನೆಗೆ ಕಳಿಸುವ ಜಾಗ ಹೆಚ್ಚುಕಡಿಮೆ ಎಲ್ಲ ಹಳ್ಳಿಗಳಲ್ಲೂ ಇದೆ. ಇಷ್ಟು ದೊಡ್ಡ ವ್ಯವಸ್ಥೆಯನ್ನು ಅರ್ಧ ಶತಮಾನ ನಡೆಸಿಕೊಂಡು ಬಂದ ಹೆಣ್ಣುಮಕ್ಕಳಿಗೆ ಈ ನಾಡು ಋಣಿಯಾಗಿರಬೇಕು.

ಆದರೂ ಅದೇ ಹಳ್ಳಿಗೆ ಬೆಳಗ್ಗೆ ಎಂಟೂವರೆಗೆ ಹಳದಿ ವ್ಯಾನು ಬರುತ್ತದೆ. ಕೂಲಿಗೆ ಹೋಗುವ ಮನೆಯ ಮಗುವೂ ಟೈ ಕಟ್ಟಿಕೊಂಡು ಅದನ್ನು ಹತ್ತುತ್ತದೆ. ಎಲ್‌ಕೆಜಿ ಫೀಸಿಗೆಂದು ಸ್ವಸಹಾಯ ಸಂಘದಲ್ಲಿ ಸಾಲ ಎತ್ತುವ ತಾಯಂದಿರಿದ್ದಾರೆ. ಉಚಿತವಾಗಿ ಸಿಗುವುದನ್ನು ಬಿಟ್ಟು ಸಾಲ ಮಾಡುವುದನ್ನು ಇಂಗ್ಲಿಷಿನ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಈ ಐವತ್ತು ವರ್ಷಗಳ ಕಡತ ತೆರೆದರೆ ಬೇರೆ ಕಾರಣಗಳು ಕಾಣುತ್ತವೆ.

ಮೊದಲನೆಯದು ಕಾನೂನಿನಲ್ಲೇ ಇದೆ. 1950ರ ಸಂವಿಧಾನದ 45ನೇ ವಿಧಿ ಹದಿನಾಲ್ಕು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಹತ್ತು ವರ್ಷದ ಗಡುವು ಹಾಕಿಕೊಂಡಿತ್ತು. ಅದರಲ್ಲಿ ಕೆಳಗಿನ ವಯಸ್ಸು ಎಂದು ಇರಲಿಲ್ಲ. ಮೂರು ವರ್ಷದ ಕೂಸೂ ಅದರೊಳಗೆ ಬರುತ್ತಿತ್ತು. 1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹದಿನಾಲ್ಕರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕು ಎಂದಾಗಲೂ ಕೂಸುಗಳನ್ನು ಹೊರಗಿಟ್ಟಿರಲಿಲ್ಲ. ಹೊರಗಿಟ್ಟದ್ದು 2002ರ 86ನೇ ತಿದ್ದುಪಡಿ. ಹಕ್ಕು ಆರರಿಂದ ಹದಿನಾಲ್ಕಕ್ಕೆ ಸೀಮಿತವಾಯಿತು. ಆರರೊಳಗಿನವರ ಪಾಲಿಗೆ ಉಳಿದದ್ದು ಸರ್ಕಾರ ಪ್ರಯತ್ನಿಸಬೇಕು ಎಂಬ ನಿರ್ದೇಶನ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಇನ್ನೂ ಸಡಿಲ: ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ಬೇಕೆಂದರೆ ಏರ್ಪಾಡು ಮಾಡಬಹುದು. ಮಾಡದಿದ್ದರೆ ಕೇಳುವವರಿಲ್ಲ.

ಊಟದ ವಿಷಯದಲ್ಲಿ ಹೀಗಾಗಲಿಲ್ಲ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಆರರೊಳಗಿನ 40 ಮಕ್ಕಳಿರುವ ಜನವಸತಿ ಅಂಗನವಾಡಿ ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. 2013ರ ಆಹಾರ ಭದ್ರತಾ ಕಾಯ್ದೆ ಅಂಗನವಾಡಿಯ ಊಟವನ್ನು ಹಕ್ಕಾಗಿಸಿತು. ಹೀಗಾಗಿ ಒಂದೇ ಚಾವಣಿಯ ಕೆಳಗೆ, ಒಂದೇ ಮಗುವಿನ ತಟ್ಟೆಗೆ ಕಾನೂನಿನ ಬಲವಿದೆ, ಕೈಯಲ್ಲಿರುವ ಪಾಟಿಗೆ ಇಲ್ಲ. ಮೇಲಧಿಕಾರಿ ತಪಾಸಣೆಗೆ ಬಂದರೆ ದಾಸ್ತಾನು ವಹಿ ಕೇಳುತ್ತಾರೆ, ಮೊಟ್ಟೆ ಎಣಿಸುತ್ತಾರೆ. ಮಗು ಕತೆ ಹೇಳುತ್ತದೆಯೇ, ಬಣ್ಣ ಗುರುತಿಸುತ್ತದೆಯೇ ಎಂದು ಕೂತು ನೋಡಿ ಹೋಗುವುದು ಅಪರೂಪ. ನೋಡಲೇಬೇಕೆಂಬ ಕಟ್ಟಳೆ ಇಲ್ಲದ ಕಡೆ ಅದನ್ನು ನಿರೀಕ್ಷಿಸುವುದೂ ಕಷ್ಟ.

ನಡುವೆ ಇನ್ನೊಂದು ಬಾಗಿಲು ತೆರೆದಿತ್ತು. ಖಾಸಗಿ ಶಾಲೆಗಳ ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂಬ ಶಿಕ್ಷಣ ಹಕ್ಕು ಕಾಯ್ದೆಯ ನಿಯಮ, ಎಲ್‌ಕೆಜಿಯಿಂದಲೇ ಪ್ರವೇಶ ಶುರುವಾಗುವ ಶಾಲೆಗಳಲ್ಲಿ ಎಲ್‌ಕೆಜಿಗೂ ಅನ್ವಯಿಸಿತು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಕರ್ನಾಟಕದಲ್ಲಿ ‘ಆರ್‌ಟಿಇ ಸೀಟು’ ಮನೆಮಾತಾಯಿತು. ಆ ದಿನಗಳ ಅರ್ಜಿಯ ಗೋಳನ್ನು ಮರೆಯುವಂತಿಲ್ಲ. ಮಗುವಿಗೂ ಅಪ್ಪ ಅಮ್ಮನಿಗೂ ಆಧಾರ್ ಬೇಕು. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತರಬೇಕು. ಅದರ ಆರ್‌ಡಿ ಸಂಖ್ಯೆ ಆನ್‌ಲೈನ್ ಅರ್ಜಿಗೆ ತಾಳೆಯಾಗಬೇಕು. ವಿಳಾಸ ಶಾಲೆಯ ವಾರ್ಡಿನಲ್ಲೇ ಇರಬೇಕು. ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವವರ ಆಧಾರ್‌ನಲ್ಲಿ ಊರಿನ ವಿಳಾಸವೇ ಇರುತ್ತದೆ. ಯೋಜನೆ ಯಾರಿಗಾಗಿ ಬಂತೋ ಅವರೇ ಸೈಬರ್ ಸೆಂಟರಿನ ಮೆಟ್ಟಿಲಿಳಿದು ಬರಿಗೈಲಿ ಹೋದರು. ಅರ್ಜಿ ದಾಟಿದವರಿಗೆ ಲಾಟರಿ ಕಾದಿತ್ತು. ಸೀಟು ಸಿಕ್ಕ ಮೇಲೆ ಪುಸ್ತಕ, ಸಮವಸ್ತ್ರ, ‘ಇತರೆ ಶುಲ್ಕ’ದ ಜಗಳ. ಸರ್ಕಾರ ಎಲ್‌ಕೆಜಿ ಮಗುವಿಗೆ ವರ್ಷಕ್ಕೆ ಗರಿಷ್ಠ 8,000, ಒಂದನೇ ತರಗತಿಯಿಂದ 16,000 ರೂಪಾಯಿ ಮರುಪಾವತಿ ಮಾಡುತ್ತಿತ್ತು. ಅದು ತಡವಾದಾಗಲೆಲ್ಲ ಶಾಲೆಗಳ ಸಿಟ್ಟು ಮಕ್ಕಳ ಕಡೆ ತಿರುಗುತ್ತಿತ್ತು. ಇಷ್ಟಾದರೂ ಒಂದು ವರ್ಷಕ್ಕೆ ಲಕ್ಷಕ್ಕೂ ಮೀರಿ ಸೀಟುಗಳಿದ್ದವು. ಆಟೋ ಓಡಿಸುವವರ ಮಕ್ಕಳು, ಮನೆಗೆಲಸದವರ ಮಕ್ಕಳು ತಮ್ಮ ಬೀದಿಯ ಒಳ್ಳೆಯ ಶಾಲೆಯ ಬೆಂಚಿನಲ್ಲಿ ಕೂತರು.

2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಸೀಟು ಬಿಡಬೇಕಿಲ್ಲ. ಅದೇ ಮೇ ತಿಂಗಳಲ್ಲಿ ಹೈಕೋರ್ಟ್ ಇದನ್ನು ಒಪ್ಪಿತು. ಲಕ್ಷದ ಲೆಕ್ಕ ಕೆಲವೇ ಸಾವಿರಕ್ಕೆ ಕುಸಿಯಿತು. ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ, ಖಾಸಗಿಯವರಿಗೆ ಸುರಿಯುವ ಹಣವನ್ನು ಅಲ್ಲಿಗೆ ಹಾಕಬೇಕು ಎಂಬ ವಾದಕ್ಕೆ ತೂಕವಿದೆ, ಒಪ್ಪುತ್ತೇವೆ. ಆದರೆ ಎಲ್‌ಕೆಜಿ ಮಗುವಿನ ಮಟ್ಟಿಗೆ ಆ ವಾದ ನಿಲ್ಲುವುದಿಲ್ಲ. ಪಕ್ಕದಲ್ಲಿದ್ದ ಸರ್ಕಾರಿ ಶಾಲೆಗಳಲ್ಲಿ ಬಹುಪಾಲು ಒಂದನೇ ತರಗತಿಯಿಂದ ಶುರುವಾಗುವಂಥವು. ನಾಲ್ಕು ವರ್ಷದ ಮಗುವಿಗೆ ಅಲ್ಲಿ ಜಾಗವೇ ಇರಲಿಲ್ಲ. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದುಮಾಡಿತು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ಉಳಿಸಿತು. ನಮ್ಮಲ್ಲಿ ಆ ಬಾಗಿಲು ಮುಚ್ಚಿಯೇ ಇದೆ.

ಹಾಗಾಗಿ ಮತ್ತೆ ಅಂಗನವಾಡಿಗೇ ಬರಬೇಕು. ಬೆಳಗ್ಗೆ ಒಂಬತ್ತೂವರೆ. ಸಹಾಯಕಿ ಬೇಳೆ ತೊಳೆದು ಕುಕ್ಕರಿಗೆ ಹಾಕಿ, ಬರದ ಮಕ್ಕಳನ್ನು ಕರೆತರಲು ಬೀದಿಗೆ ಹೋಗಿದ್ದಾಳೆ. ಚಾಪೆಯ ಮೇಲೆ ಹದಿನೈದು ಮಕ್ಕಳು. ಕಾರ್ಯಕರ್ತೆ ಹುಣಸೆ ಬೀಜ ಹರವಿ ಎಣಿಸುವ ಆಟ ಶುರುಮಾಡಿದ್ದಾರೆ. ಒಬ್ಬಳು ಏಳರ ನಂತರ ಒಂಬತ್ತು ಎನ್ನುತ್ತಾಳೆ, ಪಕ್ಕದವನು ತಿದ್ದುತ್ತಾನೆ. ಅಷ್ಟರಲ್ಲಿ ಬಾಣಂತಿಯೊಬ್ಬರು ಪೌಷ್ಟಿಕ ಆಹಾರದ ಪೊಟ್ಟಣಕ್ಕೆ ಬರುತ್ತಾರೆ. ಅವರ ಮುಖವನ್ನು ಮೊಬೈಲಿನ ಪೋಷಣ್ ಟ್ರ್ಯಾಕರ್‌ಗೆ ತೋರಿಸಬೇಕು, ನೆಟ್‌ವರ್ಕ್ ಹಿಡಿಯುತ್ತಿಲ್ಲ. ಮೇಲ್ವಿಚಾರಕಿಯ ಫೋನು: ಮಧ್ಯಾಹ್ನದೊಳಗೆ ಮಾಹಿತಿ ಕಳಿಸಿ. ಚುನಾವಣೆಯ ಹೊತ್ತಾದರೆ ಮತದಾರರ ಪಟ್ಟಿಯ ಕೆಲಸವೂ ಬೆನ್ನಿಗಿರುತ್ತದೆ. ಬೀಜಗಳು ಚಾಪೆಯ ಮೇಲೆ ಚೆಲ್ಲಾಪಿಲ್ಲಿಯಾಗುತ್ತವೆ, ಆಟ ಅಲ್ಲಿಗೇ ನಿಲ್ಲುತ್ತದೆ. ಅಂಗನವಾಡಿಯ ‘ಚಿಲಿಪಿಲಿ’ ಪಠ್ಯಕ್ರಮ ಒಳ್ಳೆಯದೇ. ಅದನ್ನು ಪೂರ್ತಿ ಆಡಿಸಲು ಆ ಮಹಿಳೆಗೆ ಎರಡು ಗಂಟೆ ಬಿಡುವು ಬೇಕು.

ಇವರಿಗೆ ಸಿಗುವುದು ಇಂದಿಗೂ ‘ಗೌರವಧನ’. ಕೇಂದ್ರದ ಪಾಲು 2018ರ ಅಕ್ಟೋಬರ್‌ನಲ್ಲಿ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ರೂಪಾಯಿ ಆಯಿತು. ಏಳು ವರ್ಷ ಕಳೆದರೂ ಅಲ್ಲೇ ನಿಂತಿದೆ. ಹೆಚ್ಚಳವೆಲ್ಲ ರಾಜ್ಯದ ಕಡೆಯಿಂದಲೇ, ಅದೂ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಮಲಗಿ ಹೋರಾಡಿದ ಮೇಲೆ. 2022ರ ಏಪ್ರಿಲ್‌ನಲ್ಲಿ ಇವರಿಗೆ ಗ್ರಾಚ್ಯುಯಿಟಿ ಸಲ್ಲಬೇಕೆಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಮೂರರಿಂದ ಆರು ವರ್ಷದವರಿಗೆ ಅಂಗನವಾಡಿಯಲ್ಲಿ ನಡೆಯುವುದು ಶಿಕ್ಷಣವೇ, ಕಲಿಸುವವರು ಈ ಮಹಿಳೆಯರೇ ಎಂದು ಸ್ಪಷ್ಟವಾಗಿ ಹೇಳಿತು. ಶಿಕ್ಷಕಿಯ ಸಂಬಳದ ಮಾತು ಮಾತ್ರ ಯಾವ ಬಜೆಟ್ಟಿನಲ್ಲೂ ಬರಲಿಲ್ಲ.

ನಗರದ ಕತೆ ಇನ್ನೂ ಬಿಗಿ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ತಾಯಿ ಒಂಬತ್ತಕ್ಕೆ ಮಷಿನ್ ಮುಂದೆ ಇರಬೇಕು. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ, ಮುಚ್ಚುವುದು ನಾಲ್ಕಕ್ಕೆ. ಆಕೆಯ ಪಾಲಿಗೆ ಆ ಉಚಿತ ಜಾಗ ಇದ್ದೂ ಇಲ್ಲ. ಮೂವತ್ತಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆ ಶಿಶುವಿಹಾರ ನಡೆಸಬೇಕೆಂದು ಕಾರ್ಖಾನೆ ಕಾಯ್ದೆ ಹೇಳುತ್ತಾ ಬಂದಿತ್ತು. ಆ ಶಿಶುವಿಹಾರ ಎಷ್ಟು ಕಡೆ ಮಕ್ಕಳ ಸದ್ದಿನಿಂದ ತುಂಬಿದೆ ಎಂದು ಕಾರ್ಮಿಕ ಇಲಾಖೆ ಬಾಗಿಲು ತಟ್ಟಿ ನೋಡಬೇಕು. ನರೇಗಾ ಕೂಲಿಯವರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ಶುರುವಾದ ‘ಕೂಸಿನ ಮನೆ’ ತಾಯಿಯ ದುಡಿಮೆಯ ಹೊತ್ತಿಗೆ ಹೊಂದುವ ಏರ್ಪಾಡು. ನಗರಕ್ಕೂ ಅಂಥದ್ದು ಬೇಕು.

2024ರಲ್ಲಿ ಕಲ್ಯಾಣ ಕರ್ನಾಟಕದ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಶಿಕ್ಷಣ ಇಲಾಖೆ ಹೊರಟಿತು. ಇದರಿಂದ ಅಂಗನವಾಡಿ ಖಾಲಿಯಾಗುತ್ತದೆಂದು ಕಾರ್ಯಕರ್ತೆಯರು ಬೀದಿಗಿಳಿದರು. ಅದೇ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿ ಮಾಡುವ ಘೋಷಣೆ ಬಂತು. ಮಕ್ಕಳು ಅವೇ. ಅಂಗನವಾಡಿ ನಡೆಸುವ ಇಲಾಖೆಯ ಬಳಿ ಮಕ್ಕಳನ್ನು ಬಲ್ಲ ಹೆಣ್ಣುಮಕ್ಕಳಿದ್ದಾರೆ, ಶಿಕ್ಷಣ ಇಲಾಖೆಯ ಬಳಿ ಕಟ್ಟಡ, ಆಟದ ಬಯಲು, ತರಬೇತಿ ಸಂಸ್ಥೆಗಳಿವೆ. ಎರಡನ್ನೂ ಒಂದೇ ಆವರಣಕ್ಕೆ ತರುವ ತೀರ್ಮಾನವನ್ನು ಮುಖ್ಯಮಂತ್ರಿಗಳ ಮಟ್ಟದಲ್ಲೇ ಮಾಡಬೇಕು.

ಈಗ ಅದನ್ನು ಮುಂದೂಡಲು ನೆಪವೂ ಉಳಿದಿಲ್ಲ. ಒಂದನೇ ತರಗತಿಗೆ ಆರು ತುಂಬಿರಬೇಕೆಂದು ಸರ್ಕಾರವೇ ನಿಯಮ ಮಾಡಿದೆ. ಪೋಷಕರ ಒತ್ತಾಯಕ್ಕೆ 2025-26ರ ಒಂದು ಸಾಲಿಗೆ ಮಾತ್ರ ವಯಸ್ಸು ಸಡಿಲಿಸಿತು. ನಿಯಮ ಸರಿಯಾಗಿಯೇ ಇದೆ, ಐದರ ಮಗುವನ್ನು ಬರವಣಿಗೆಗೆ ನೂಕಬಾರದು. ಆದರೆ ಬಾಗಿಲ ಬಳಿ ನಿಲ್ಲಿಸಿ ಕಾಯಿ ಎಂದು ಹೇಳಿದವರು ಕಾಯುವ ಜಾಗವನ್ನೂ ಕೊಡಬೇಕು. ಇಲ್ಲವಾದರೆ ಬಡ ಮನೆಗೆ ಇನ್ನೊಂದು ವರ್ಷದ ಯುಕೆಜಿ ಫೀಸು ಬೀಳುತ್ತದೆ. 11ನೇ ಸೆಕ್ಷನ್ ಕೊಟ್ಟ ಅವಕಾಶವನ್ನು ರಾಜ್ಯವೇ ತನ್ನ ನಿಯಮಾವಳಿಯಲ್ಲಿ ಕರ್ತವ್ಯವಾಗಿ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಮೂರು ತುಂಬಿದ ಪ್ರತಿ ಮಗುವಿಗೂ ಮನೆಯ ಹತ್ತಿರ ಉಚಿತ ಜಾಗ, ವಲಸೆ ಬಂದವರಿಗೆ ವಿಳಾಸದ ಪುರಾವೆ ಕೇಳದ ದಾಖಲಾತಿ, ಪ್ರತಿ ಕೇಂದ್ರಕ್ಕೂ ಕಲಿಸುವ ಕೆಲಸಕ್ಕೇ ಮೀಸಲಾದ ಒಬ್ಬ ಶಿಕ್ಷಕಿ, ದುಡಿಯುವ ತಾಯಿ ಹೊರಡುವ ಮೊದಲೇ ತೆರೆಯುವ ಬಾಗಿಲು: ಈ ನಾಲ್ಕನ್ನು ಬರುವ ಬಜೆಟ್ಟಿನಲ್ಲಿ ಹಣದ ಸಮೇತ ಕಾಣಿಸಬೇಕೆಂದು ಕೇಳುತ್ತಿದ್ದೇವೆ.