ಚೌಕಟ್ಟು ಯಾರಿಗೆ?

‘ಹೋರಾಟ ಮಾಡ್ರಿ, ಆದರ ಕಾನೂನಿನ ಚೌಕಟ್ಟು ದಾಟಬ್ಯಾಡ್ರಿ’ ಎಂಬ ಬುದ್ಧಿಮಾತು ನಮ್ಮ ಭಾಗದ ರೈತರಿಗೆ ಪ್ರತಿ ಸಲವೂ ಸಿಗುತ್ತದೆ. ಮಾತು ತಪ್ಪಲ್ಲ, ಆದರೆ ಹೇಳುವವರು ಯಾವಾಗಲೂ ಒಂದೇ ಕಡೆ ಮುಖ ಮಾಡಿ ಹೇಳುತ್ತಾರೆ. ಚೌಕಟ್ಟು ಮೊದಲು ಹಿಡಿದಿಡಬೇಕಾದದ್ದು ಅಧಿಕಾರದಲ್ಲಿ ಇದ್ದವರನ್ನು. ಅವರೇ ನ್ಯಾಯ ಬಿಟ್ಟಾಗ ಜನ ಕಾನೂನು ಮೀರಬಹುದು. ಆಗಲೂ ಜನ ದಾಟಬಾರದ ಇನ್ನೊಂದು ಗೆರೆ ಉಳಿದೇ ಇರುತ್ತದೆ.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಕಾಲುವೆ ತೋಡಿದ ಮೇಲೆ ಸರ್ಕಾರ ನೀರಿನ ಕರದ ಜೊತೆಗೆ ಅಭಿವೃದ್ಧಿ ಕರವನ್ನೂ ಹೇರಿತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ, ನೀರು ನಿಂತು ಸವುಳಾದ ಎರೆಗೂ ಕರ. ಅದಕ್ಕೆ ಕಾಯ್ದೆಯ ಆಧಾರವಿತ್ತು, ನ್ಯಾಯದ ಆಧಾರ ಇರಲಿಲ್ಲ. 1980ರ ಜುಲೈ 21ರಂದು ರೈತರು ಬೀದಿಗಿಳಿದರು. ನವಲಗುಂದದಲ್ಲೂ ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದ ನರಗುಂದದಲ್ಲೂ ಪೊಲೀಸರು ಗುಂಡು ಹಾರಿಸಿದರು, ರೈತರು ಸತ್ತರು. ನರಗುಂದದಲ್ಲಿ ಪೊಲೀಸರೂ ಗುಂಪಿನ ಕೈಗೆ ಸಿಕ್ಕು ಸತ್ತರು. ಕರ ಕೊಡುವುದಿಲ್ಲ ಎಂದದ್ದು ಕಾನೂನು ಮೀರಿದ ಮಾತು, ಆದರೂ ಅದು ಸರಿ. ಹಾರಿದ ಗುಂಡಿಗೆ ಕಾಯ್ದೆಯ ಕಾವಲಿತ್ತು, ಆದರೂ ಅದು ತಪ್ಪು. ಸಂಬಳಕ್ಕೆ ದುಡಿಯುವ ಪೊಲೀಸನ ಜೀವ ತೆಗೆದದ್ದು ಯಾವ ಲೆಕ್ಕದಲ್ಲೂ ತಪ್ಪು.

ಒಬ್ಬೊಬ್ಬರೂ ತಮ್ಮ ಮನಸ್ಸಾಕ್ಷಿಯ ಹೆಸರಲ್ಲಿ ಕಾನೂನು ಮುರಿದರೆ ಕೊನೆಗೆ ಉಳಿಯುವುದು ತೋಳ್ಬಲ ಎನ್ನುವವರಿದ್ದಾರೆ. ಇದು ಗಟ್ಟಿ ಆಕ್ಷೇಪ. ಎರೆ ಹೊಲದ ಬದುವನ್ನೇ ನೋಡಿ. ಹಂಗಾಮಿಗೊಮ್ಮೆ ಪಕ್ಕದವನ ರಂಟೆ ಒಂದು ಗೇಣು ಒಳಗೆ ಬರುತ್ತದೆ. ಮಳೆಗೆ ಬದು ಕರಗುತ್ತದೆ, ಬಾಂದುಗಲ್ಲು ಮಣ್ಣಲ್ಲಿ ಹೂತುಹೋಗುತ್ತದೆ. ಕೇಳಿದರೆ ‘ನಮ್ಮ ಅಜ್ಜನ ಕಾಲಕ್ಕ ಇದು ನಮ್ಮದ ಇತ್ತು’ ಎಂಬ ಉತ್ತರ ಸಿದ್ಧವಿರುತ್ತದೆ. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆಯುವ ಹೊತ್ತಿಗೆ ಅಣ್ಣತಮ್ಮಂದಿರ ನಡುವೆ ಮಾತು ನಿಂತಿರುತ್ತದೆ. ಗಂಡುದಿಕ್ಕಿಲ್ಲದ ಮನೆಯ ಹೆಂಗಸಿಗೆ ಆ ಕಲ್ಲು ಬಿಟ್ಟರೆ ಬೇರೆ ಬಲವಿಲ್ಲ. ಕಾನೂನನ್ನು ಹಗುರಾಗಿ ಕಾಣುವವರು ಇವಳ ಮುಖ ನೋಡಿ ಮಾತಾಡಬೇಕು.

ಆದರೆ ಬದು ಒತ್ತುವವನೂ ಕರ ನಿರಾಕರಿಸುವವನೂ ಒಂದೇ ಅಲ್ಲ. ಮೊದಲನೆಯವನು ಯಾರೂ ಇಲ್ಲದಾಗ ಒತ್ತಿ, ಆಮೇಲೆ ಇಲ್ಲ ಎನ್ನುತ್ತಾನೆ. ಎರಡನೆಯವನು ಎದುರು ನಿಂತು ಹೇಳುತ್ತಾನೆ, ಬಂದದ್ದನ್ನು ತಲೆಮೇಲೆ ಹೊರುತ್ತಾನೆ. 1930ರ ದಶಕದ ಆರಂಭದಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಬ್ರಿಟಿಷರಿಗೆ ಕರ ಕೊಡದೆ ಹೊಲಮನೆ ಜಪ್ತಿ ಮಾಡಿಸಿಕೊಂಡದ್ದು ಹೀಗೆಯೇ.

ಹಾಗೆಂದು ಕಾನೂನೇ ಯಾವಾಗಲೂ ನ್ಯಾಯದ ಹಿಂದೆ ಬೀಳುತ್ತದೆ ಎಂದಲ್ಲ. ಊರಿನ ಕಟ್ಟಳೆ ಇನ್ನೊಂದು ಬಗೆ. ಜಾತಿ ಬಿಟ್ಟು ಮದುವೆಯಾದವರನ್ನು ಊರು ದೂರವಿಟ್ಟಾಗ ಆ ಮಕ್ಕಳ ಬೆನ್ನಿಗಿರುವುದು 1954ರ ವಿಶೇಷ ವಿವಾಹ ಕಾಯ್ದೆ. ಅಲ್ಲಿ ಸಮಾಜವೇ ಹಿಂದೆ ಬಿದ್ದಿದೆ, ಕಾನೂನು ಮುಂದಿದೆ.

ಮತ್ತೆ ನೀರಿನ ಮಾತಿಗೆ ಬರೋಣ. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ನೀರಿನ ನಮ್ಮ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿತು. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಅದು ತಪ್ಪು, ಅದಕ್ಕೆ ಕೇಸು ಹಾಕುವ ಹಕ್ಕು ಸರ್ಕಾರಕ್ಕಿತ್ತು. ಆದರೆ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರು, ಮುದುಕರು ಎನ್ನದೆ ಬಡಿದರು. ಅಂಥ ಹಕ್ಕನ್ನು ಅವರಿಗೆ ಯಾವ ಕಾಯ್ದೆಯೂ ಕೊಟ್ಟಿರಲಿಲ್ಲ. ಚೌಕಟ್ಟಿನ ಪಾಠ ಅಂದು ಠಾಣೆಯಲ್ಲಿ ಆಗಬೇಕಿತ್ತು.

ಪ್ರತಿ ಜುಲೈ 21ಕ್ಕೆ ನಾಯಕರು ಬಂದು ಹುತಾತ್ಮ ರೈತರಿಗೆ ಹಾರ ಹಾಕುತ್ತಾರೆ. ಹಾಕಲಿ. ಅದೇ ವೇದಿಕೆಯಲ್ಲಿ ಅಂದು ಸತ್ತ ಪೊಲೀಸರ ಹೆಸರನ್ನೂ ರೈತರು ಹೇಳಲಿ, 1980ರ ಕರ ಅನ್ಯಾಯದ್ದಾಗಿತ್ತು ಎಂದು ಸರ್ಕಾರದ ಪರವಾಗಿ ಒಬ್ಬ ಮಂತ್ರಿ ಬಾಯಿಬಿಟ್ಟು ಹೇಳಲಿ.