ತೆಗೆದು ಹಾಕುವ ಕ್ಲಿಪ್‌ನಿಂದ ಸೊಟ್ಟ ಹಲ್ಲು ನೇರವಾಗುತ್ತಾ? ಫಾರ್ವರ್ಡ್ ಮಾಡುವ ಮುನ್ನ ಓದಿ

ಡಾಕ್ಟರ್ ಹತ್ತಿರ ಹೋಗದೆ, ಮನೆಯಲ್ಲೇ ಒಂದು ಟ್ರೇ ಹಾಕಿಕೊಂಡು ಕೆಲವೇ ತಿಂಗಳಲ್ಲಿ ಹಲ್ಲು ನೇರ ಮಾಡಿಕೊಳ್ಳಬಹುದು ಎನ್ನುವ ವಿಡಿಯೊಗಳು ನಿಮ್ಮ ಮೊಬೈಲ್‌ಗೂ ಬಂದಿರಬಹುದು. ತೆಗೆದು ಹಾಕುವ ಕ್ಲಿಪ್ ಎಲ್ಲ ಬರೀ ದುಡ್ಡು ದಂಡ, ತಂತಿ ಕಟ್ಟಿಸಿದರೆ ಮಾತ್ರ ಹಲ್ಲು ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸತ್ಯ. ಈ ಸಾಧನಗಳು ನಿಜವಾಗಿಯೂ ಕೆಲಸ ಮಾಡುತ್ತವೆ. ಆದರೆ ಯಾರ ಬಾಯಿಗೆ, ಯಾವ ವಯಸ್ಸಿಗೆ, ದಿನಕ್ಕೆ ಎಷ್ಟು ಗಂಟೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಹಾಕಿಕೊಂಡರೆ ಹಲ್ಲಿಗೇ ಅಪಾಯ.

ಹಲ್ಲು ಸರಿಯುವುದು ಹೇಗೆ?

ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ತೆಳುವಾದ ನಾರಿನ ಪದರ ಇರುತ್ತದೆ. ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ, ಸತತವಾಗಿ ಒತ್ತಿದಾಗ ಆ ಕಡೆಯ ಮೂಳೆ ಕರಗುತ್ತದೆ, ಹಿಂದೆ ಖಾಲಿಯಾದ ಕಡೆ ಹೊಸ ಮೂಳೆ ಬೆಳೆಯುತ್ತದೆ. ಇದು ನಿಧಾನದ ಕೆಲಸ. ತಿಂಗಳಿಗೆ ಹೆಚ್ಚೆಂದರೆ ಸುಮಾರು 1 ಮಿಲಿಮೀಟರ್ ಎಂದು ಲೆಕ್ಕ. ಒತ್ತಡ ದಿನಕ್ಕೆ ಹಲವು ಗಂಟೆ ಇದ್ದರೆ ಮಾತ್ರ ಮೂಳೆ ಬದಲಾಗಲು ಶುರುವಾಗುತ್ತದೆ. ಹಾಗಾಗಿ ಬೆಳಗ್ಗೆ ಐದು ನಿಮಿಷ ಬೆರಳಿನಿಂದ ಹಲ್ಲು ಒತ್ತಿಕೊಂಡರೆ ಏನೂ ಆಗುವುದಿಲ್ಲ. ಜೋರಾಗಿ ಒತ್ತಿದರೆ ಬೇಗ ಸರಿಯುತ್ತದೆ ಎನ್ನುವುದೂ ತಪ್ಪು. ಅತಿಯಾದ ಒತ್ತಡದಿಂದ ಬೇರು ಸವೆಯಬಹುದು.

ಯಾವ ಕ್ಲಿಪ್ ಯಾವ ಕೆಲಸಕ್ಕೆ?

ಅಕ್ರಿಲಿಕ್ ಪ್ಲೇಟ್: ಅಂಗುಳಕ್ಕೆ ಕೂರುವ ಪ್ಲೇಟ್, ಅದಕ್ಕೆ ಸಣ್ಣ ತಂತಿಗಳು. ಒಂದೆರಡು ಹಲ್ಲನ್ನು ಸ್ವಲ್ಪ ಮುಂದಕ್ಕೋ ಹಿಂದಕ್ಕೋ ವಾಲಿಸಲು ಸಾಕು. ಬೇರುಸಮೇತ ಹಲ್ಲನ್ನು ಸರಿಸಲು, ತುಂಬಾ ತಿರುಚಿದ ಹಲ್ಲನ್ನು ತಿರುಗಿಸಲು ಇದರಿಂದ ಕಷ್ಟ. ಅದಕ್ಕೆ ಸಾಮಾನ್ಯವಾಗಿ ಅಂಟಿಸುವ ತಂತಿಯೇ ಬೇಕು.

ಟ್ವಿನ್ ಬ್ಲಾಕ್: ಸ್ಕಾಟ್ಲೆಂಡಿನ ದಂತವೈದ್ಯ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ್ದು. ಕೆಳದವಡೆ ಹಿಂದಿದ್ದು ಮೇಲಿನ ಹಲ್ಲು ಉಬ್ಬಿರುವ ಮಕ್ಕಳಿಗೆ ಕೊಡುತ್ತಾರೆ. ಮಗು ಬೆಳೆಯುತ್ತಿರುವಾಗ, ಸುಮಾರು 10ರಿಂದ 14 ವರ್ಷದೊಳಗೆ ಇದರ ಉಪಯೋಗ ಹೆಚ್ಚು. ಉಬ್ಬುಹಲ್ಲಿನ ಮಕ್ಕಳು ಬಿದ್ದಾಗ ಮುಂದಿನ ಹಲ್ಲು ಮುರಿಯುವ ಸಾಧ್ಯತೆ ಜಾಸ್ತಿ ಇರುವುದರಿಂದ ಇದು ಬರೀ ಅಂದದ ಪ್ರಶ್ನೆ ಅಲ್ಲ.

ಅಲೈನರ್: ಪಾರದರ್ಶಕ ಪ್ಲಾಸ್ಟಿಕ್ ಟ್ರೇಗಳ ಸರಣಿ. ಒಂದೊಂದು ಟ್ರೇ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ. ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ರಾತ್ರಿ ಮಾತ್ರ ಹಾಕಿದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬುವ ಮುನ್ನ ಯೋಚಿಸಿ.

ರಿಟೇನರ್: ಚಿಕಿತ್ಸೆ ಮುಗಿದ ಮೇಲೆ ಹಲ್ಲು ಮತ್ತೆ ಹಳೇ ಜಾಗಕ್ಕೆ ಜಾರದಂತೆ ತಡೆಯುವ ಕ್ಲಿಪ್. ಇದನ್ನು ಬಿಟ್ಟುಬಿಟ್ಟರೆ ಖರ್ಚು ಮಾಡಿದ್ದೆಲ್ಲ ನೀರಿಗೆ ಹಾಕಿದಂತೆ.

ಪರೀಕ್ಷೆ ಇಲ್ಲದೆ ಹಾಕಿಕೊಂಡರೆ ಏನಾಗುತ್ತದೆ?

ಒಸಡಿನ ರೋಗದಿಂದ ಮೂಳೆ ಈಗಾಗಲೇ ಕರಗಿದ್ದರೆ, ಅಂಥ ಹಲ್ಲನ್ನು ಸರಿಸಲು ಹೋದಾಗ ಅದು ಇನ್ನಷ್ಟು ಸಡಿಲವಾಗಬಹುದು. ಇದು ಕನ್ನಡಿಯಲ್ಲಿ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಕಾಣುತ್ತದೆ. ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಕಂಪನಿ ಅಲೈನರ್‌ಗಳನ್ನು ನೇರವಾಗಿ ಮನೆಗೇ ಕಳಿಸುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಅದು ಬಾಗಿಲು ಮುಚ್ಚಿದಾಗ ಚಿಕಿತ್ಸೆಯ ಮಧ್ಯದಲ್ಲಿದ್ದ ಗ್ರಾಹಕರು ಬೇರೆ ವೈದ್ಯರನ್ನು ಹುಡುಕಿಕೊಳ್ಳಬೇಕಾಯಿತು.

ಇನ್ನೂ ಅಪಾಯಕಾರಿಯಾದದ್ದು ರಬ್ಬರ್ ಬ್ಯಾಂಡ್ ಉಪಾಯ. ಮುಂದಿನ ಎರಡು ಹಲ್ಲಿನ ಸಂದು ಮುಚ್ಚಲು ಸುತ್ತಿದ ಬ್ಯಾಂಡ್ ಒಸಡಿನೊಳಗೆ ಜಾರಿ, ಬೇರಿನುದ್ದಕ್ಕೂ ಮೇಲೇರಿ ಸುತ್ತಲ ಮೂಳೆಯನ್ನು ಹಾಳುಮಾಡುತ್ತದೆ. ಹೀಗೆ ಒಳ್ಳೆಯ ಹಲ್ಲುಗಳನ್ನೇ ಕಳೆದುಕೊಂಡ ಪ್ರಕರಣಗಳು ದಂತವೈದ್ಯಕೀಯದಲ್ಲಿ ದಾಖಲಾಗಿವೆ. ಇಂಥ ವಿಡಿಯೊ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಎಲ್ಲ ಸಂದಿಗೂ ಚಿಕಿತ್ಸೆ ಬೇಕಿಲ್ಲ

7ರಿಂದ 11 ವರ್ಷದ ಮಕ್ಕಳಲ್ಲಿ ಮೇಲಿನ ಮುಂದಿನ ಹಲ್ಲುಗಳ ನಡುವೆ ಸಂದು ಕಾಣುವುದು ಸಾಮಾನ್ಯ. ಕೋರೆಹಲ್ಲು ಬಂದ ಮೇಲೆ ಎಷ್ಟೋ ಮಕ್ಕಳಲ್ಲಿ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆತುರಪಟ್ಟು ಕ್ಲಿಪ್ ಹಾಕಿಸಬೇಕಿಲ್ಲ. ಆದರೆ 7 ವರ್ಷದ ಹೊತ್ತಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ಕಾಯಬೇಕೋ, ಶುರು ಮಾಡಬೇಕೋ ಎಂದು ವೈದ್ಯರು ಹೇಳುತ್ತಾರೆ.

ಉತ್ತರ ಬೆಂಗಳೂರಿನಲ್ಲಿ ಎಲ್ಲಿ ತೋರಿಸಬಹುದು?

ಖರ್ಚಿಗೆ ಹೆದರಿ ಆನ್‌ಲೈನ್ ಟ್ರೇ ಕಡೆ ನೋಡುವವರು ದಂತ ಕಾಲೇಜುಗಳನ್ನು ಮರೆತಿರುತ್ತಾರೆ. ಯಲಹಂಕ ಕಡೆಯವರಿಗೆ ಹುಣಸಮಾರನಹಳ್ಳಿಯ ಕೃಷ್ಣದೇವರಾಯ ದಂತ ಕಾಲೇಜು, ಹೆಬ್ಬಾಳ ಮತ್ತು ಆರ್‌.ಟಿ. ನಗರದವರಿಗೆ ಚೋಳನಗರದ ರಾಜೀವ್ ಗಾಂಧಿ ದಂತ ಕಾಲೇಜು, ಯಶವಂತಪುರದವರಿಗೆ ರಾಮಯ್ಯ ದಂತ ಕಾಲೇಜು ಹತ್ತಿರ. ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಕೆ.ಆರ್‌. ಮಾರುಕಟ್ಟೆಯಲ್ಲಿ ಇಳಿದರೆ, ವಿಕ್ಟೋರಿಯಾ ಆಸ್ಪತ್ರೆ ಬಳಿ ಸರ್ಕಾರಿ ದಂತ ಕಾಲೇಜು ಇದೆ. ಇಲ್ಲೆಲ್ಲ ಹಲ್ಲು ನೇರ ಮಾಡುವುದಕ್ಕೇ ಪ್ರತ್ಯೇಕ ವಿಭಾಗ ಇರುತ್ತದೆ. ಕಾಲೇಜುಗಳಲ್ಲಿ ಶುಲ್ಕ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಕಾಯಬೇಕಾಗಬಹುದು ಅಷ್ಟೇ.

ಕ್ಲಿನಿಕ್‌ಗೆ ಹೋದರೆ ಮೂರು ಪ್ರಶ್ನೆ ಕೇಳಿ: ನೀವು ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿದ್ದೀರಾ? ಎಕ್ಸ್‌ರೇ ತೆಗೆಯುತ್ತೀರಾ? ರಿಟೇನರ್ ಖರ್ಚು ಇದರಲ್ಲೇ ಸೇರಿದೆಯಾ? ವೈದ್ಯರಿಗೆ ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಕೇಳುವುದರಲ್ಲಿ ತಪ್ಪಿಲ್ಲ.

ಈಗಾಗಲೇ ಕ್ಲಿಪ್ ಹಾಕಿದ್ದರೆ

ತಣ್ಣೀರಿನಲ್ಲಿ ತೊಳೆಯಿರಿ, ಬಿಸಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ. ದರ್ಶಿನಿಯಲ್ಲಿ ತಿಂಡಿಗೆ ಮುಂಚೆ ತೆಗೆದು ಟಿಶ್ಯೂನಲ್ಲಿ ಸುತ್ತಿಡಬೇಡಿ, ಅದು ಎಲೆ-ತಟ್ಟೆ ಜೊತೆ ಕಸಕ್ಕೆ ಹೋಗಿಬಿಡುತ್ತದೆ. ಡಬ್ಬಿಯಲ್ಲೇ ಇಡಿ. ಕೆಲವು ದಿನ ಹಾಕದೆ ಬಿಟ್ಟು ಈಗ ಬಿಗಿಯಾಗಿದ್ದರೆ ಒತ್ತಿ ಕೂರಿಸಬೇಡಿ, ವೈದ್ಯರಿಗೆ ಫೋನ್ ಮಾಡಿ.

ಮನೆಯಲ್ಲಿ 7ರಿಂದ 14 ವರ್ಷದ ಮಕ್ಕಳಿರುವವರಿಗೆ ಈ ಲೇಖನ ಕಳಿಸಿ. ಅವರಿಗೆ ಸಮಯ ಇನ್ನೂ ಇದೆ.